ಎರಡು ತಟ್ಟಿದರೆ ದಾರ ಕಡಿದಿದೆ

ಮಗುವನ್ನು ಬೇಬಿ ಸಿಟ್ಟಿಂಗಿಗೆ ಬಿಡುವ ಮಾತು ಎದ್ದದ್ದು ಭಾನುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ. ಅದೂ ಬೇಳೆಗೆ ಉಪ್ಪು ಜಾಸ್ತಿಯಾಗಿದ್ದ ದಿನ. ಉಪ್ಪಿನ ಸಿಟ್ಟು ಯಾವುದು, ಮಗುವಿನ ಸಿಟ್ಟು ಯಾವುದು ಎಂದು ಬೇರೆ ಮಾಡಿ ನೋಡುವಷ್ಟು ತಾಳ್ಮೆ ಆ ಮನೆಯಲ್ಲಿ ಅವತ್ತು ಯಾರಿಗೂ ಇರಲಿಲ್ಲ.

ಸೊಸೆ ತಟ್ಟೆ ನೋಡುತ್ತಲೇ ಹೇಳಿದಳು. "ನಾಳೆ ಬಿಟ್ಟು ಮುಂದಿನ ಸೋಮವಾರಕ್ಕೆ ನನ್ನ ರಜೆ ಮುಗಿಯುತ್ತೆ. ಮಗುನ ಬಸ್ ಸ್ಟಾಪ್ ಹತ್ರದ ಬೇಬಿ ಸಿಟ್ಟಿಂಗಿಗೆ ಬಿಡ್ತೀನಿ."

"ಮನೇಲಿ ಅಜ್ಜಿ ಇರುವಾಗ ಅದ್ಯಾಕೆ?" ಎಂದ ಮಗ.

"ಇದ್ದು ಏನು ಬಂತು? ಗುರುವಾರ ಏನಾಯ್ತು ಅಂತ ಮೇಲ್ಮನೆಯವರನ್ನ ಕೇಳಿ. ಮಾವನೂ ಹೊರಗೆ ಹೋಗಿದ್ರು. ನಾನು ತರಕಾರಿ ತಗೊಂಡು ಬರೋವರೆಗೂ, ಅರ್ಧ ಗಂಟೆ, ಮಗು ಒಂದೇ ಸಮ ಕಿರುಚಿದೆ. ಅವರು ಕೆಳಗಿಳಿದು ಬಂದು ಕಿಟಕೀಲಿ ನೋಡಿದ್ರೆ, ಇವರು ಪಕ್ಕದ ಕೋಣೇಲಿ ಆರಾಮಾಗಿ ಬಟಾಣಿ ಬಿಡಿಸ್ತಾ ಕೂತಿದ್ರಂತೆ."

'ಇವರು' ಎಂದರೆ ಅತ್ತೆ. ಮೂವತ್ತೊಂದು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸಿ, ಎಂಟು ವರ್ಷದ ಹಿಂದೆ ಕೆಲಸ ಬಿಟ್ಟವಳು. ಬೀದಿಯವರೆಲ್ಲ ಅವಳನ್ನು ಕರೆಯುವುದು ಮಗ್ಗದಮ್ಮ ಎಂದೇ. ಮಗ್ಗದಮ್ಮ ತುತ್ತು ಕೈಯಲ್ಲಿ ಹಿಡಿದುಕೊಂಡು ಸೊಸೆಯ ಮುಖ, ಮಗನ ಮುಖ, ಗಂಡನ ಮುಖ ಎಂದು ಒಂದೊಂದಾಗಿ ನೋಡುತ್ತಿದ್ದಳು.

ಮಗ ಅವಳ ಕಡೆ ತಿರುಗಿದ. "ಅಮ್ಮ, ಗುರುವಾರ ಮಗು ಅಷ್ಟು ಅಳ್ತಿದ್ರೂ ನೀನು ಯಾಕೆ ಎದ್ದು ಹೋಗ್ಲಿಲ್ಲ?"

ಮಗು ಅತ್ತ ವಿಷಯವೇ ಮಗ್ಗದಮ್ಮನಿಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಆದರೆ ಬಾಯಿಂದ ಬಂದದ್ದು ಬೇರೆ.

"ಅತ್ರೆ ಏನೀಗ? ಮಕ್ಕಳು ಅಂದ್ಮೇಲೆ ಅಳ್ತವೆ. ಎದೆ ಗಟ್ಟಿಯಾಗುತ್ತೆ. ನೀನೂ ಹಾಗೇ ಅತ್ತು ಬೆಳೆದೋನು."

ಸೊಸೆ ಅರ್ಧ ಊಟಕ್ಕೆ ಕೈ ತೊಳೆದು ಎದ್ದಳು. "ಕೇಳಿದ್ರಲ್ಲ? ಬೇಕು ಅಂತಲೇ ಬಿಟ್ಟಿದಾರೆ!" ಎಂದು ಗಂಡನಿಗೆ ಹೇಳಿ ಒಳಗೆ ಹೋದಳು. ಬೇಳೆ ಪಾತ್ರೆ ಹಾಗೇ ಉಳಿಯಿತು.

ಇಲ್ಲಿ ಗುಟ್ಟೊಂದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ನೀವೂ ಸೊಸೆಯ ಜೊತೆ ಸೇರಿಕೊಂಡು ಮುದುಕಿಯನ್ನು ಬೈಯುತ್ತೀರಿ. ಮಗ್ಗದಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಪೂರ್ತಿ ಇಲ್ಲವೆಂದಲ್ಲ. ಕಬ್ಬಿಣದ ಬಾಣಲೆ ಕೆಳಗೆ ಬಿದ್ದರೆ ಕೇಳೀತು, ಲಾರಿ ಹಾರನ್ ಹೊಡೆದರೆ ಕೇಳೀತು. ಮಾತು ಮಾತ್ರ ಗೋಡೆಯಾಚೆಯ ಗುಜುಗುಜು. ಒಂದೇ ಸೂರಿನಡಿ ಇನ್ನೂರು ಮಗ್ಗಗಳು ಮೂವತ್ತೊಂದು ವರ್ಷ ಬಡಿದರೆ ಯಾರ ಕಿವಿ ತಾನೇ ಉಳಿದೀತು? ಆ ಗದ್ದಲದಲ್ಲಿ ಹೆಂಗಸರು ಮಾತನಾಡುತ್ತಿದ್ದದ್ದು ತುಟಿಯಿಂದ ಮತ್ತು ಕೈಯಿಂದ. ತುಟಿ ನೋಡಿಯೇ ಮಾತು ಹಿಡಿಯುವುದರಲ್ಲಿ ಮಗ್ಗದಮ್ಮ ಎತ್ತಿದ ಕೈ. ಗಂಡ, ಮಗ, ಹಾಲಿನವನು, ಮೇಲ್ಮನೆಯಾಕೆ, ಯಾರೇ ಎದುರು ನಿಂತು ಮಾತಾಡಿದರೂ ಪಟಪಟನೆ ಉತ್ತರ ಕೊಡುತ್ತಿದ್ದಳು. ಹಾಗಾಗಿ ಗಂಡನೊಬ್ಬನನ್ನು ಬಿಟ್ಟು ಯಾರಿಗೂ ಅವಳ ಕಿವಿ ಇಷ್ಟು ಹೋಗಿದೆ ಎಂಬ ಅನುಮಾನವೇ ಬರುತ್ತಿರಲಿಲ್ಲ.

ಸಿಕ್ಕಿಹಾಕಿಕೊಳ್ಳುತ್ತಿದ್ದದ್ದು ಸೊಸೆಯ ಹತ್ತಿರ ಮಾತ್ರ. ಅವಳ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಶಾಲೆಯಲ್ಲಿ ಯಾರೋ ಆಡಿಕೊಂಡಿದ್ದರಂತೆ, ಅಂದಿನಿಂದ ಬಾಯಿ ತೆರೆದಾಗಲೆಲ್ಲ ಎಡಗೈ ತಾನಾಗಿ ತುಟಿಗೆ ಅಡ್ಡ ಬರುತ್ತಿತ್ತು. ಹಲ್ಲು ನೋಡಿದರೆ ಅಂಥದ್ದೇನೂ ಇಲ್ಲ, ಚೆನ್ನಾಗಿಯೇ ಇದೆ. ಆದರೆ ಕೈಗೆ ಅದು ಗೊತ್ತಾಗಬೇಕಲ್ಲ! ಮೂರು ವರ್ಷದಿಂದ ಮಗ್ಗದಮ್ಮ ಆ ಕೈಯ ಹಿಂಬದಿಯನ್ನಷ್ಟೇ ನೋಡಿದ್ದಳು. ಸೊಸೆ ಏನೋ ಅನ್ನುವಳು, ಅತ್ತೆ ಸುಮ್ಮನಿರುವಳು. 'ಎಲ್ಲರ ಹತ್ರ ಮಾತಿದೆ, ನನ್ನ ಹತ್ರ ಮಾತ್ರ ಮೌನವ್ರತ' ಎಂದು ಸೊಸೆ ಲೆಕ್ಕ ಹಾಕಿಕೊಂಡಿದ್ದಳು.

ಹೇಳಿಬಿಟ್ಟರೆ ಮುಗಿಯಿತಲ್ಲ ಎನ್ನುತ್ತೀರಿ. ಗಿರಣಿಯಲ್ಲಿ ಕಿವಿ ಹೋದವಳೆಂದು ಗೊತ್ತಾದವರನ್ನು ಮಗ್ಗದಿಂದ ಎಬ್ಬಿಸಿ ಕಸ ಗುಡಿಸಲು ಹಾಕುತ್ತಿದ್ದರು. ಮಗ್ಗದಮ್ಮ ಹನ್ನೆರಡು ವರ್ಷ ಮೇಸ್ತ್ರಿಯ ಕಣ್ಣಿಗೆ ಮಣ್ಣೆರಚಿ ಮಗ್ಗ ಉಳಿಸಿಕೊಂಡವಳು. ಈಗ ಮೊಮ್ಮಗಳು. ಎಂಟು ತಿಂಗಳ, ಕೆನ್ನೆ ಉಬ್ಬಿದ, ಎಲ್ಲರೂ ಗುಂಡಮ್ಮ ಎಂದು ಕರೆಯುವ ಮೊಮ್ಮಗಳು. ಅಜ್ಜಿಗೆ ಕಿವುಡು ಎಂದು ತಿಳಿದರೆ ಅವತ್ತೇ ಮಗು ಕೈ ಬಿಟ್ಟಂತೆ. ಕಲ್ಲು ಹೃದಯದವಳು ಅನ್ನಿಸಿಕೊಂಡರೂ ಪರವಾಗಿಲ್ಲ, ಕಿವುಡಿ ಅನ್ನಿಸಿಕೊಳ್ಳಬಾರದು ಎನ್ನುವುದು ಅವಳ ಹಟ.

ಮರುದಿನ ಬೆಳಿಗ್ಗೆ ಅವಳು ಮಗನ ಅಂಗಡಿಗೆ ಹೋದಳು. ಬೀದಿಯ ಮೂಲೆಯಲ್ಲಿ, ಒಬ್ಬ ನಿಂತರೆ ಇನ್ನೊಬ್ಬ ಹೊರಗೆ ಕಾಯಬೇಕಾದಷ್ಟು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಮಗ ಯಾವುದೋ ಫೋನಿನ ಹೊಟ್ಟೆ ಬಿಚ್ಚಿಟ್ಟುಕೊಂಡು ಕೂತಿದ್ದ.

"ಏನಮ್ಮ, ಇಷ್ಟು ಬೆಳಿಗ್ಗೆ?"

"ನಂಗೆ ಕಿವಿ ಕೇಳಲ್ಲ ಕಣೋ."

ಮಗನ ಕೈಯಿಂದ ಸ್ಕ್ರೂ ಜಾರಿತು. "ಸ್ವಲ್ಪ ಮಂದ ಅಂತ ಗೊತ್ತಿತ್ತು..."

"ಸ್ವಲ್ಪ ಅಲ್ಲ. ಗುರುವಾರ ಮಗು ಅತ್ತಿದ್ದು ನಂಗೆ ಕೇಳ್ಲೇ ಇಲ್ಲ. ಬಟಾಣಿ ಬಿಡಿಸ್ತಾ ಹಾಯಾಗಿ ಕೂತಿದ್ದೆ." ಅವಳ ಕಣ್ಣು ತುಂಬಿತು. ಸೆರಗಿಗೋ ಕರ್ಚೀಫಿಗೋ ತಡಕಾಡದೆ ಅಂಗೈಯಲ್ಲೇ ಒರೆಸಿಕೊಂಡಳು.

"ಕಿವಿಗೆ ಮೆಷಿನ್ ಹಾಕ್ಸೋಣ ನಡಿ. ಇವತ್ತೇ ಡಾಕ್ಟರ್ ಹತ್ರ ಹೋಗೋಣ."

"ಹಾಕ್ಸಿದ್ರೆ ನಿನ್ನ ಹೆಂಡ್ತಿಗೆ ಕಾಣಲ್ವಾ? ಅವತ್ತೇ ಮಗುನ ಎತ್ಕೊಂಡು ಹೋಗಿ ಬಿಟ್ಟು ಬರ್ತಾಳೆ. ಬೇಡ. ಕಾಣದ ಹಾಗೆ ಏನಾದ್ರೂ ಮಾಡು. ಊರೋರ ಫೋನೆಲ್ಲ ಸರಿ ಮಾಡ್ತೀಯ, ಹೆತ್ತೋಳಿಗೆ ಇಷ್ಟು ಮಾಡೋಕಾಗಲ್ವಾ?"

ಮಗ ತಲೆ ಕೆರೆದುಕೊಂಡ. ಆಮೇಲೆ ಗಾಜಿನ ಕಪಾಟಿನಿಂದ ಒಂದು ಕಪ್ಪು ಬ್ಯಾಂಡ್ ತೆಗೆದ. ಅಗಲ ಎರಡು ಬೆರಳು, ಮೇಲೆ ಹೊಳಪಿಲ್ಲ, ಗಡಿಯಾರವಿಲ್ಲ. ಅದನ್ನು ಅವಳ ಬಲಗೈಗೆ ಕಟ್ಟಿ, ತನ್ನ ಫೋನಿನಲ್ಲಿ ಏನೋ ಒತ್ತಿದ. ಮಣಿಕಟ್ಟಿನ ಮೇಲೆ ಯಾರೋ ಬೆರಳಿಂದ ತಟ್ಟಿದ ಹಾಗಾಯಿತು.

"ಅಯ್ಯೋ!" ಮಗ್ಗದಮ್ಮ ಕೈ ಕೊಡವಿದಳು.

"ಏನಿಲ್ಲ, ವೈಬ್ರೇಟ್ ಆಗೋದು ಅಷ್ಟೇ. ಒಂದು ಹಳೇ ಫೋನ್‌ನ ತೊಟ್ಟಿಲ ಮೇಲಿನ ಶೆಲ್ಫಲ್ಲಿ ಇಡ್ತೀನಿ. ಮಗು ಅತ್ರೆ ಅದು ಕೇಳಿಸ್ಕೊಂಡು ಇದಕ್ಕೆ ಹೇಳುತ್ತೆ. ಇದು ನಿನ್ನ ಕೈ ತಟ್ಟುತ್ತೆ. ಉದ್ದ ತೋಳಿನ ರವಿಕೆ ಹಾಕ್ಕೊಂಡ್ರೆ ಯಾರಿಗೂ ಕಾಣಲ್ಲ. ಕಾಲಿಂಗ್ ಬೆಲ್ಲಿಗೂ ಸೇರಿಸ್ತೀನಿ. ಎಷ್ಟು ಸಲ ತಟ್ಟಬೇಕು, ನೀನೇ ಹೇಳು."

ಮಗ್ಗದಮ್ಮ ತಡ ಮಾಡಲಿಲ್ಲ. "ಒಂದು ತಟ್ಟಿದ್ರೆ ಇತ್ಲಾಗೆ ನೋಡು ಅಂತ. ಅದು ಬೆಲ್ಲಿಗಿರಲಿ. ಎರಡು ತಟ್ಟಿದ್ರೆ ದಾರ ಕಡಿದಿದೆ, ಓಡಿ ಬಾ ಅಂತ. ಅದು ಮಗೂಗೆ. ಮೂರು ಉದ್ದ ಒತ್ತಿದ್ರೆ ಮೇಸ್ತ್ರಿ ಬಂದ, ಹುಷಾರು ಅಂತ. ಗಿರಣೀಲಿ ನಾವು ಭುಜದ ಮೇಲೆ ಹಾಗೇ ತಟ್ಕೊಳ್ತಿದ್ವಿ."

"ಮೂರು ಯಾವುದಕ್ಕೆ ಇಡ್ಲಿ?"

"ಮಧ್ಯಾಹ್ನ ನಿನ್ನ ಹೆಂಡ್ತಿ ಫೋನ್ ಮಾಡ್ತಾಳಲ್ಲ, ಅದಕ್ಕೆ."

"ನನ್ನ ಹೆಂಡ್ತಿ ಮೇಸ್ತ್ರಿನಾ?"

"ನಂಗೊತ್ತಿಲ್ಲಪ್ಪ, ಕಟ್ಕೊಂಡೋನು ನೀನು, ನೀನೇ ಹೇಳ್ಬೇಕು."

ಮಗ ನಗುತ್ತಾ ಹಾಗೇ ಹೊಂದಿಸಿಕೊಟ್ಟ. ಹೆಂಡತಿಗೆ ಹೇಳುವುದಿಲ್ಲ ಎಂದು ಮಾತೂ ಕೊಟ್ಟ. ಆ ಮಾತು ಕೊಡುವಾಗ ಅವನ ಮುಖ ಅಷ್ಟೇನೂ ಗೆಲುವಾಗಿರಲಿಲ್ಲ.

ಸಂಜೆ ಅವನೇ ಹೆಂಡತಿಯ ಹತ್ತಿರ ಸಂಧಾನಕ್ಕೆ ಕೂತ. "ಅಮ್ಮನಿಗೆ ಒಂದು ಅವಕಾಶ ಕೊಡು. ಎರಡು ತಿಂಗಳು ನೋಡೋಣ." ಸೊಸೆ ಮುಖ ದಪ್ಪ ಮಾಡಿಕೊಂಡೇ ಒಪ್ಪಿದಳು. "ಮೇಲ್ಮನೆಯವರಿಂದ ಒಂದೇ ಒಂದು ದೂರು ಬಂದ್ರೂ ಮಾರನೇ ದಿನ ಮಗು ಬೇಬಿ ಸಿಟ್ಟಿಂಗಲ್ಲಿ. ಆಮೇಲೆ ಯಾರೂ ಉಸಿರೆತ್ತಬಾರದು." ಮುಂದಿನ ಸೋಮವಾರ ಅವಳು ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟಳು. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಬಾಗಿಲಲ್ಲಿ ಮೂರು ಸಲ ಹಿಂದೆ ತಿರುಗಿ ನೋಡಿದಳು.

ಮೊದಲ ವಾರ ಮನೆ ಒಂದು ಸಣ್ಣ ಗಿರಣಿಯಂತಾಯಿತು. ಒಂದು ತಟ್ಟಿದರೆ ಬಾಗಿಲಿಗೆ, ಎರಡು ತಟ್ಟಿದರೆ ತೊಟ್ಟಿಲಿಗೆ. ಮಧ್ಯಾಹ್ನ ಒಂದೂವರೆಗೆ ಮೂರು ಸಲ ಉದ್ದಕ್ಕೆ ಒತ್ತಿದರೆ ಮಗ್ಗದಮ್ಮ ಫೋನನ್ನು ಬಿಸಿ ಕೆಂಡದಂತೆ ಎತ್ತಿ ಗಂಡನ ಕೈಗೆ ಹಾಕುತ್ತಿದ್ದಳು. ಗಂಡ ಅಂಚೆಯಜ್ಜ. ಮೂವತ್ತು ವರ್ಷ ಮನೆಮನೆಗೆ ಕಾಗದ ಹಂಚಿ ನಿವೃತ್ತನಾದವನು. ಹೆಂಡತಿಯ ಕಿವಿಯ ವಿಷಯ ಅವನಿಗೆ ಹಳೆಯದು. ಮಾತು ತಲುಪಿಸುವ ಕೆಲಸ ಅವನಿಗೆ ಮೈಗೆ ಹತ್ತಿದ್ದೇ.

"ಹ್ಞೂಂ ಕಣಮ್ಮ, ಮಲಗಿದಾಳೆ... ಹ್ಞೂಂ, ತಿಂದ್ಲು... ಅತ್ತೆನಾ? ಅತ್ತೆ ಕೈ ಒದ್ದೆ ಮಾಡ್ಕೊಂಡಿದಾಳೆ." ದಿನಾ ಅದೇ ಉತ್ತರ. ಹತ್ತು ದಿನ ಕಳೆಯುವಷ್ಟರಲ್ಲಿ 'ಈ ಅತ್ತೆಯ ಕೈ ಒಂದೂವರೆಗೆ ಸರಿಯಾಗಿ ಒದ್ದೆಯಾಗುತ್ತಲ್ಲ' ಎಂದು ಸೊಸೆಗೆ ಅನ್ನಿಸದೆ ಇರುತ್ತದೆಯೇ?

ಇದರ ನಡುವೆ ಬ್ಯಾಂಡಿಗೆ ಹುಚ್ಚು ಹಿಡಿಯಿತು. ಮಧ್ಯಾಹ್ನ ಊಟವಾಗಿ ಪಾತ್ರೆ ತಿಕ್ಕಲು ಕೂತರೆ ಎರಡು ತಟ್ಟು. ಮಗ್ಗದಮ್ಮ ಸೋಪಿನ ಕೈಯಲ್ಲೇ ಓಡುವಳು. ಗುಂಡಮ್ಮ ಕಣ್ಣು ಮುಚ್ಚಿ ಮಲಗಿರುವಳು. ವಾಪಸು ಬಂದು ತಟ್ಟೆ ಹಿಡಿದರೆ ಮತ್ತೆ ಎರಡು ತಟ್ಟು. ಮತ್ತೆ ಓಟ. ಯಾವುದಕ್ಕೂ ಇರಲಿ ಎಂದು ಮಗುವನ್ನು ಎತ್ತಿದರೆ, ಮಲಗಿದ್ದ ಮಗು ಎಚ್ಚರವಾಗಿ ನಿಜವಾಗಿಯೇ ಅಳುವುದು. ಮೂರು ದಿನ ಇದೇ ಆಟ. ಮಗುವಿಗೆ ನಿದ್ದೆಯಿಲ್ಲ, ಅಜ್ಜಿಗೆ ಉಸಿರಿಲ್ಲ. ಸಂಜೆ ಸೊಸೆ ಬರುವ ಹೊತ್ತಿಗೆ ಇಬ್ಬರೂ ಗೊಣಗುತ್ತಿದ್ದರು.

ನಾಲ್ಕನೆಯ ದಿನ ಮಗ್ಗದಮ್ಮ ಪಾತ್ರೆ ಬಿಟ್ಟು ತೊಟ್ಟಿಲ ಪಕ್ಕ ಗಟ್ಟಿಯಾಗಿ ಕೂತಳು. ಇವತ್ತು ಇದರ ಹುಟ್ಟಡಗಿಸದೆ ಏಳುವುದಿಲ್ಲ ಎಂದು ಹಟ. ಮಗು ಮಲಗಿದೆ. ಆಚೆ ಗೋಡೆಗೆ ಹಾಸಿಗೆ ಹಾಕಿಕೊಂಡು ಅಂಚೆಯಜ್ಜ ಮಲಗಿದ್ದಾನೆ. ಅಜ್ಜನ ಹೊಟ್ಟೆ ನಿಧಾನವಾಗಿ ಮೇಲೇರಿತು, ಬಾಯಿ ತೆರೆಯಿತು, ಮೀಸೆ ಅದುರಿತು. ಅವಳ ಕೈ ಮೇಲೆ ಎರಡು ತಟ್ಟು.

"ರೀ! ಎದ್ದೇಳ್ರೀ!"

ಅಜ್ಜ ಗಾಬರಿಯಿಂದ ಎದ್ದ. "ಏನು? ಬೆಂಕಿನಾ?"

"ನಿಮ್ಮ ಗೊರಕೆ ಕಣ್ರೀ! ಮೂರು ದಿನದಿಂದ ನಿಮ್ಮ ಗೊರಕೆ ಕೇಳ್ಕೊಂಡು ನಾನು ಮ್ಯಾರಥಾನ್ ಓಡ್ತಿದೀನಿ! ನೀವು ಯಾವಾಗಿಂದ ಗೊರಕೆ ಹೊಡೆಯೋಕೆ ಶುರು ಮಾಡಿದ್ದು?"

"ಹದಿನೈದು ವರ್ಷ ಆಯ್ತಲ್ಲೇ."

"ಒಂದು ದಿನಾನೂ ಹೇಳ್ಲಿಲ್ಲ?"

"ನಿದ್ದೆ ಮಾಡೋನು ಹೇಗೆ ಹೇಳೋದು? ಪಕ್ಕದ ಮನೆಯವರೇ ಬಂದು ಹೇಳಿದ್ರು. ನೀನು ಮಾತ್ರ ಒಂದಿನಾನೂ ಬೈಲಿಲ್ಲ. ಆಮೇಲೆ ಗೊತ್ತಾಯ್ತು ನಿಂಗೆ ಕೇಳಲ್ಲ ಅಂತ. ದೇವರು ದೊಡ್ಡವನು ಅಂದ್ಕೊಂಡು ಮಗ್ಗುಲು ಬದಲಾಯಿಸ್ದೆ."

ಅಂಚೆಯಜ್ಜನ ಹಾಸಿಗೆ ಅವತ್ತೇ ಹೊರಗಿನ ಪಡಸಾಲೆಗೆ ಗಡಿಪಾರಾಯಿತು. "ಈ ವಯಸ್ಸಲ್ಲಿ ಮನೆಯಿಂದ ಆಚೆ ಹಾಕಿಸ್ಕೊಂಡೆ" ಎಂದು ಅವನು ಗೊಣಗಿಕೊಂಡೇ ದಿಂಬು ಎತ್ತಿಕೊಂಡು ಹೋದ. ಅಲ್ಲಿಂದ ಮುಂದೆ ಬ್ಯಾಂಡು ಸುಳ್ಳು ಹೇಳಲಿಲ್ಲ. ಮಗು ಎರಡನೆಯ ಸಲ ಬಾಯಿ ತೆರೆಯುವ ಮೊದಲೇ ಅಜ್ಜಿ ತೊಟ್ಟಿಲ ಬಳಿ ಇರುತ್ತಿದ್ದಳು. ಮಗ್ಗದಮ್ಮನಿಗೆ ಗಿರಣಿ ಬಿಟ್ಟ ಮೇಲೆ ಮೊದಲ ಸಲ ಮೈಯಲ್ಲಿ ಹುರುಪು ಬಂತು. ತಟ್ಟಿದ ಕೂಡಲೇ ಓಡುವ ಕಾಲು ಅವಳದು, ಅದು ಇನ್ನೂ ಮರೆತಿರಲಿಲ್ಲ.

ನಾಲ್ಕನೆಯ ವಾರ ಮೇಲ್ಮನೆಯಾಕೆ ಮೆಟ್ಟಿಲ ಬಳಿ ಸೊಸೆಯನ್ನು ತಡೆದಳು. "ಏನಮ್ಮ, ನಿಮ್ಮತ್ತೆ ಕಿವಿ ಎಷ್ಟು ಚುರುಕು! ಮಗು 'ಕುಯ್ಯೋ' ಅನ್ನೋದೇ ತಡ, ಅಡುಗೆಮನೆಯಿಂದ ಓಡಿ ಬರ್ತಾರೆ. ನನ್ನ ಮಾತು ವಾಪಸ್ ತಗೊಂಡೆ ಕಣಮ್ಮ."

ಒಳ್ಳೆಯ ಸುದ್ದಿಯೇ. ಬೇರೆ ಯಾರಾದರೂ ಆಗಿದ್ದರೆ ಹಾಲು ಕುಡಿದಷ್ಟು ಸಂತೋಷ ಪಡುತ್ತಿದ್ದರು. ಸೊಸೆಗೆ ಮಾತ್ರ ಆ ಮಾತು ಚುಚ್ಚಿತು. ಕಿವಿ ಅಷ್ಟು ಚುರುಕಾದರೆ ತನ್ನ ಮಾತು ಯಾಕೆ ಕೇಳುವುದಿಲ್ಲ? ಅವತ್ತು ಸಂಜೆಯೇ ಅವಳು ಪರೀಕ್ಷೆ ಮಾಡಿ ನೋಡಿದಳು. ಒಲೆಯ ಮುಂದೆ ನಿಂತು, ಎಂದಿನಂತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಅತ್ತೆ, ನಾಳೆ ಮೊಟ್ಟೆ ಮಾಡ್ಲಾ?" ಎಂದಳು. ಅತ್ತೆ ಅಕ್ಕಿ ತೊಳೆಯುತ್ತಾ ಇದ್ದಳು. ತಲೆ ಎತ್ತಲಿಲ್ಲ. ಅದೇ ಕ್ಷಣಕ್ಕೆ ಒಳಕೋಣೆಯಲ್ಲಿ ಮಗು ಒಂದೇ ಒಂದು ಸಲ ಕುಂಯ್ ಎಂದಿತು. ಅತ್ತೆ ಅಕ್ಕಿ ಪಾತ್ರೆ ಇಟ್ಟು ಬಾಣದ ಹಾಗೆ ಹೋದಳು.

ಸೊಸೆಯ ಪಿತ್ತ ನೆತ್ತಿಗೇರಿತು. ಆ ಸಂಜೆಯಿಂದ ಅವಳು ಅತ್ತೆಯ ಜೊತೆ ಮಾತನ್ನೇ ಬಿಟ್ಟಳು. ಅತ್ತೆಗೆ ಅದು ಗೊತ್ತಾಗಲೇ ಇಲ್ಲ. ಮಾತು ಬಿಟ್ಟಿದ್ದೇವೆಂದು ತಿಳಿಯದವರ ಜೊತೆ ಮಾತು ಬಿಡುವುದು ಎಂಥ ಕಷ್ಟ, ಬಿಟ್ಟು ನೋಡಿದವರಿಗೇ ಗೊತ್ತು. ಎರಡು ವಾರ ಸೊಸೆ ಪಾತ್ರೆ ಕುಕ್ಕಿದಳು, ಬಾಗಿಲು ಬಡಿದಳು, ಗಂಡನ ತಲೆ ತಿಂದಳು. "ನಿಮ್ಮಮ್ಮನಿಗೆ ನಾನು ಮನುಷ್ಯಳೇ ಅಲ್ಲ." ಮಗ ನುಂಗಲೂ ಆಗದೆ ಉಗುಳಲೂ ಆಗದೆ ಅಂಗಡಿಯಲ್ಲೇ ಹೆಚ್ಚು ಹೊತ್ತು ಕೂರಲು ಶುರು ಮಾಡಿದ.

ಆರನೆಯ ವಾರದ ಶನಿವಾರ. ಸೊಸೆಗೆ ಅರ್ಧ ದಿನ ಕೆಲಸ. ಸಂಜೆ ನಾಲ್ಕಕ್ಕೆ ಮಗನೂ ಬಂದ. ಮೇಜಿನ ಮೇಲೆ ಚಹಾ ಇತ್ತು, ಬನ್ ಇತ್ತು. ಮಗು ಅಜ್ಜನ ತೊಡೆಯ ಮೇಲೆ ಅವನ ಮೀಸೆ ಎಳೆಯುತ್ತಿತ್ತು. ಸೊಸೆ ಎರಡು ಲೋಟ ಚಹಾ ಬಗ್ಗಿಸಿ, ಮೂರನೆಯದಕ್ಕೆ ಬಂದು ನಿಲ್ಲಿಸಿದಳು.

"ನಾನು ಬೇರೆ ಮನೆ ನೋಡಿದೀನಿ," ಎಂದಳು ಗಂಡನಿಗೆ. "ಎರಡು ಕೋಣೆ. ಮುಂದಿನ ತಿಂಗಳು ಖಾಲಿಯಾಗುತ್ತೆ. ಮಗುನ ಅಲ್ಲೇ ಪಕ್ಕದ ಬೇಬಿ ಸಿಟ್ಟಿಂಗಿಗೆ ಬಿಡ್ತೀನಿ."

"ಏನು ಹೇಳ್ತಿದೀಯ? ಮಗುನ ಎಷ್ಟು ಚೆನ್ನಾಗಿ ನೋಡ್ಕೊಳ್ತಿದಾರೆ!"

"ಮಗುನ ನೋಡ್ಕೊಳ್ತಾರೆ, ನಾನು ಎಲ್ಲಿ ಇಲ್ಲ ಅಂದೆ?" ಸೊಸೆಯ ಧ್ವನಿ ಏರಿತು. ಚಹಾದ ಪಾತ್ರೆ ಹಿಡಿದಿದ್ದ ಕೈ ಮೇಜಿಗೆ ಬಿತ್ತು. ಇನ್ನೊಂದು ಕೈಯೂ ಮೇಜನ್ನೇ ಒತ್ತಿ ಹಿಡಿದಿತ್ತು. ಅವಳು ನೇರ ಅತ್ತೆಯ ಕಡೆ ತಿರುಗಿದಳು. "ಪಕ್ಕದ ಕೋಣೇಲಿ ಮಗು ಮಿಸುಕಿದ್ರೆ ನಿಮಗೆ ಕೇಳುತ್ತೆ. ಮೂರಡಿ ದೂರದಲ್ಲಿ ನಾನು ಕರೆದ್ರೆ ಕೇಳಲ್ಲ. ಮೂರು ವರ್ಷದಿಂದ ಕರೀತಾ ಇದೀನಿ. ಗೋಡೆ ಜೊತೆ ಮಾತಾಡಿದ ಹಾಗಾಗುತ್ತೆ. ನಾನು ನಿಮಗೆ ಏನು ಮಾಡಿದೀನಿ ಅತ್ತೆ? ನನ್ನ ಕಂಡ್ರೆ ಯಾಕಿಷ್ಟು ಅಸಡ್ಡೆ? ಅದಕ್ಕೇ ಮಗುನ ಕರ್ಕೊಂಡು ಬೇರೆ ಮನೆಗೆ ಹೋಗ್ತಿದೀನಿ."

ಮಗ್ಗದಮ್ಮ ಲೋಟ ಕೆಳಗಿಟ್ಟಳು. ಮೂರು ವರ್ಷದಲ್ಲಿ ಮೊದಲ ಸಲ ಸೊಸೆಯ ಬಾಯಿ ಅವಳಿಗೆ ಪೂರ್ತಿ ಕಂಡಿತ್ತು. ಒಂದು ಅಕ್ಷರವೂ ತಪ್ಪದೆ ಎಲ್ಲಾ ತಲುಪಿತ್ತು. ಅಷ್ಟು ದಿನ ಆ ಕೈಯ ಹಿಂದೆ ಇದ್ದದ್ದು ಇದೇ. ಸುಮ್ಮನಿದ್ದರೆ ಮಗು ಹೋಗುತ್ತದೆ. ನಿಜ ಹೇಳಿದರೂ ಮಗು ಹೋಗುತ್ತದೆ. ಹಾಗಿದ್ದ ಮೇಲೆ ಈ ಹುಡುಗಿಯನ್ನು ಇನ್ನೊಂದು ದಿನ ಯಾಕೆ ಅಳಿಸಬೇಕು?

ಅವಳು ರವಿಕೆಯ ತೋಳು ಮೇಲಕ್ಕೆ ಸರಿಸಿ, ಬ್ಯಾಂಡ್ ಬಿಚ್ಚಿ, ಬನ್ನಿನ ತಟ್ಟೆಯ ಪಕ್ಕ ಇಟ್ಟಳು.

"ನಂಗೆ ಕಿವಿ ಕೇಳಲ್ಲಮ್ಮ. ಮಗು ಅತ್ರೂ ಕೇಳಲ್ಲ. ಇದು ಕೈ ತಟ್ಟುತ್ತೆ, ನಾನು ಓಡ್ತೀನಿ. ಬೇರೆಯವರದೆಲ್ಲ ತುಟಿ ನೋಡಿ ತಿಳ್ಕೊಳ್ತೀನಿ. ನೀನು ಬಾಯಿಗೆ ಕೈ ಇಟ್ಕೊಳ್ತೀಯ."

ಸೊಸೆ ಬ್ಯಾಂಡ್ ನೋಡಿದಳು, ಗಂಡನನ್ನು ನೋಡಿದಳು.

"ನಿಮಗೆ ಗೊತ್ತಿತ್ತಾ?"

"ಅದು... ಅಮ್ಮ ಹೇಳ್ಬೇಡ ಅಂದಿದ್ಲು..."

"ಇಷ್ಟು ಸಣ್ಣ ಮಗು ರೀ! ಕಿವಿ ಕೇಳದವರ ಹತ್ರ ಬಿಟ್ಟು ಹೋಗ್ತಿದೀನಿ ಅಂತ ಹೆತ್ತವಳಿಗೆ ಗೊತ್ತಿರಬೇಡ್ವಾ? ಮಾವ, ನಿಮಗೂ ಗೊತ್ತಿತ್ತು ಅಲ್ವಾ? ಅತ್ತೆ ಕೈ ಒದ್ದೆ, ಅತ್ತೆ ಕೈ ಒದ್ದೆ!"

"ನಂದೂ ತಪ್ಪಾಯ್ತಮ್ಮ," ಎಂದ ಅಂಚೆಯಜ್ಜ, ಮಗುವಿನ ಮುಷ್ಟಿಯಿಂದ ಮೀಸೆ ಬಿಡಿಸಿಕೊಳ್ಳುತ್ತಾ.

ಸೊಸೆ ಎದ್ದು ಅಡುಗೆಮನೆಯ ಕಡೆ ನಾಲ್ಕು ಹೆಜ್ಜೆ ಹೋದಳು. ಅಲ್ಲೇ ನಿಂತಳು. ಈಗ ಅವಳು ಅತ್ತೆಯ ಬೆನ್ನ ಹಿಂದಿದ್ದಳು. ಏನೋ ಯೋಚಿಸಿ, ಕೈ ಕೆಳಗೆ ಬಿಟ್ಟು, "ಅತ್ತೆ" ಎಂದಳು.

ಮಗ್ಗದಮ್ಮ ಮೇಜಿನ ಮೇಲಿನ ಬನ್ ನೋಡುತ್ತಾ ಕೂತಿದ್ದಳು.

"ಅತ್ತೆ," ಎಂದಳು ಸೊಸೆ ಇನ್ನೂ ಜೋರಾಗಿ. ಮತ್ತೆ ಒಂದು ಹೆಜ್ಜೆ ಹತ್ತಿರ ಬಂದು, "ಅತ್ತೆ!"

ಮಗನಿಗೆ ತಡೆಯಲಾಗಲಿಲ್ಲ, ಮುಖ ಆ ಕಡೆ ತಿರುಗಿಸಿದ. ಅದನ್ನು ಕಂಡು ಮಗ್ಗದಮ್ಮ ಏನೋ ಆಗಿದೆ ಎಂದುಕೊಂಡು ಹಿಂದೆ ತಿರುಗಿದಳು. ಸೊಸೆ ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತಿದ್ದಳು. ಕಣ್ಣಲ್ಲಿ ನೀರು ಧಾರಾಕಾರ, ಬಾಯಲ್ಲಿ ನಗು. ಹಲ್ಲು ಮುಚ್ಚಿಕೊಳ್ಳುವ ಧ್ಯಾನವೇ ಇರಲಿಲ್ಲ.

"ಮೂರು ವರ್ಷ! ಮೂರು ವರ್ಷ ನಾನು ನಿಮ್ಮನ್ನ ಮನಸ್ಸಲ್ಲೇ ಬೈಕೊಂಡು ತಿರುಗಿದೀನಲ್ಲ ಅತ್ತೆ! ಎರಡು ವಾರದಿಂದ ಮಾತು ಬಿಟ್ಟಿದೀನಿ, ಅದೂ ನಿಮಗೆ ಗೊತ್ತಾಗ್ಲಿಲ್ವಾ?"

"ಮಾತು ಬಿಟ್ಟಿದ್ಯಾ? ಯಾವಾಗ?"

ಅಂಚೆಯಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. ಅಜ್ಜ ನಕ್ಕದ್ದಕ್ಕೆ ಮಗು ನಕ್ಕಿತು. ಮಗ ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡ. ಆ ಮನೆಯ ಚಾವಣಿಯೇ ಒಂದು ಗೇಣು ಮೇಲೆದ್ದ ಹಾಗೆ ಎಲ್ಲರಿಗೂ ಉಸಿರಾಟ ಹಗುರವಾಯಿತು. ಎಂಥ ಭಾರ ಇಳಿಯಿತಪ್ಪ ಎಂದು ಮಗ್ಗದಮ್ಮ ಕುರ್ಚಿಗೆ ಒರಗಿದಳು. ಆದರೆ ಕಣ್ಣು ಮಾತ್ರ ಸೊಸೆಯ ತುಟಿ ಬಿಡಲಿಲ್ಲ. ತೀರ್ಪು ಇನ್ನೂ ಬಾಕಿಯಿತ್ತು.

"ಮಗು?" ಎಂದು ಕೇಳಿದಳು.

ಸೊಸೆ ಕುರ್ಚಿ ಎಳೆದು ಅವಳ ಎದುರಿಗೇ ಕೂತಳು. ಎಡಗೈ ಅಭ್ಯಾಸಬಲದಿಂದ ಮೇಲೆ ಬಂತು. ಅದನ್ನು ಬಲಗೈಯಿಂದ ಹಿಡಿದು ತೊಡೆಯ ಮೇಲೆ ಕೂರಿಸಿಕೊಂಡಳು.

"ಆರು ವಾರದಲ್ಲಿ ಒಂದು ಸಂಜೆನೂ ಮಗು ಅತ್ತು ಸುಸ್ತಾಗಿದ್ದನ್ನ ನಾನು ನೋಡಿಲ್ಲ. ಕಿವಿ ಚೆನ್ನಾಗಿರೋ ನಾನೇ ಕೆಲವು ಸಲ ಇರಲಿ ಅಳ್ಲಿ ಅಂತ ಬಿಟ್ಟಿದೀನಿ. ಮಗು ನಿಮ್ಮ ಹತ್ರನೇ ಇರುತ್ತೆ. ಆದ್ರೆ ಮಂಗಳವಾರ ನಾನು ರಜ ಹಾಕ್ತೀನಿ, ಇಬ್ರೂ ಕಿವಿ ಡಾಕ್ಟರ್ ಹತ್ರ ಹೋಗೋಣ. ಬರಲ್ಲ ಅಂತೀರಾ?"

"ಮೆಷಿನ್ ಹಾಕ್ಕೊಂಡ್ರೆ ಜನ ನೋಡ್ತಾರೆ..."

"ನನ್ನ ಹಲ್ಲೂ ನೋಡ್ತಾರೆ. ನೋಡ್ಲಿ ಬಿಡಿ."

ಮಗ್ಗದಮ್ಮ ಗೋಣು ಆಡಿಸಿದಳು. ಸೊಸೆ ಮೇಜಿನ ಮೇಲಿದ್ದ ಬ್ಯಾಂಡ್ ಎತ್ತಿ ಅತ್ತೆಯ ಕೈಗೆ ತಾನೇ ಕಟ್ಟಿದಳು. ಗಂಡನಿಗೆ ಮಾತ್ರ, "ನಿಮ್ಮ ವಿಚಾರಣೆ ಆಮೇಲಿದೆ" ಎಂದಳು. ಅವನು ಮಗುವನ್ನು ಎತ್ತಿಕೊಂಡು ಅಪ್ಪನ ಜೊತೆ ಬೀದಿಗೆ ಪರಾರಿಯಾದ.

ಮನೆಯಲ್ಲಿ ಇಬ್ಬರೇ ಉಳಿದರು. ಲೋಟ ತೊಳೆದದ್ದಾಯಿತು. ಮಗ್ಗದಮ್ಮ ಒಣಗಿದ ಬಟ್ಟೆ ತಂದು ಚಾಪೆಯ ಮೇಲೆ ಸುರಿದುಕೊಂಡು ಮಡಚಲು ಕೂತಳು. ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಅವಳ ನೆರಳು ಬಟ್ಟೆಯ ಮೇಲೆ ಬಿದ್ದದ್ದರಿಂದ ಮಗ್ಗದಮ್ಮ ತಲೆ ಎತ್ತಿದಳು.

"ಏನಮ್ಮ?"

"ಏನಿಲ್ಲ ಅತ್ತೆ."

"ಏನೋ ಇದೆ. ಹೇಳು. ಈಗ ಕಾಣುತ್ತೆ."

ಸೊಸೆ ಚಾಪೆಯ ಅಂಚಿಗೆ ಬಂದು ಕೂತಳು. "ಮದುವೆಯಾದ ವರ್ಷ ನಮ್ಮಮ್ಮ ಹೋದ್ರಲ್ಲ. ಎಲ್ಲಾ ಮುಗಿಸಿ ನಾನು ವಾಪಸ್ ಬಂದ ದಿನ, ನೀವು ಹೀಗೇ ಬಟ್ಟೆ ಮಡಚ್ತಾ ಕೂತಿದ್ರಿ. ನಾನು ಇದೇ ಬಾಗಿಲಲ್ಲಿ ನಿಂತು, 'ಅತ್ತೆ, ನಿಮ್ಮ ಪಕ್ಕ ಒಂದು ಗಳಿಗೆ ಮಲಗ್ಲಾ' ಅಂತ ಕೇಳಿದ್ದೆ. ನೀವು ತಲೆ ಎತ್ತಲಿಲ್ಲ. ಅವತ್ತೇ ನಾನು..." ಅವಳು ಮುಂದೆ ಹೇಳಲಿಲ್ಲ.

ಮಗ್ಗದಮ್ಮನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಅವಳಿಗೆ ಆ ದಿನ ನೆನಪಿತ್ತು. ಈ ಹುಡುಗಿ ಎಷ್ಟು ಗಟ್ಟಿಗಿತ್ತಿ, ತಾಯಿ ಹೋದರೂ ಒಂದು ಮಾತಾಡದೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳಲ್ಲ ಎಂದು ಅಂದುಕೊಂಡಿದ್ದಳು. ಅಯ್ಯೋ ನನ್ನ ಕಿವಿಗೆ ಬೆಂಕಿ ಬೀಳ, ಎಂದು ಈಗ ತನ್ನನ್ನೇ ಶಪಿಸಿಕೊಂಡಳು. ಮಡಚಿದ್ದ ಬಟ್ಟೆಯನ್ನೆಲ್ಲ ಒಂದೇ ಸಲ ಆಚೆ ತಳ್ಳಿ ಚಾಪೆಯ ಮೇಲೆ ಜಾಗ ಮಾಡಿದಳು.

"ಬಾ," ಎಂದಳು.

ಸೊಸೆ ಮಲಗಿದಳು. ಮಗ್ಗದಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟಳು. ಮುಖ ಆ ಕಡೆ ಇತ್ತು, ತುಟಿ ಕಾಣುತ್ತಿರಲಿಲ್ಲ, ಆದರೂ ಅಳುವುದು ಅಂಗೈಗೆ ತಿಳಿಯುತ್ತಿತ್ತು. 'ಅಳು, ಅತ್ತುಬಿಡು' ಎಂದು ನಿಧಾನಕ್ಕೆ ಸವರುತ್ತಾ ಕೂತಳು. ಎಷ್ಟೋ ಹೊತ್ತಿನ ಮೇಲೆ ಬಿಕ್ಕು ಕಡಿಮೆಯಾಯಿತು. ಉಸಿರು ಉದ್ದವಾಯಿತು. ಆರು ವಾರ ಅಂಗಡಿ, ಮನೆ, ಮಗು ಎಂದು ಓಡಿದ ಮೈ. ನಿದ್ದೆ ಬಂತೆಂದು ಕೈಗೇ ಗೊತ್ತಾಯಿತು.

ಬೀದಿಯಿಂದ ವಾಪಸು ಬಂದ ಅಂಚೆಯಜ್ಜ ಬಾಗಿಲಲ್ಲಿ ಇಣುಕಿ, "ಇನ್ನೊಂದು ಲೋಟ ಚಹಾ ಸಿಗುತ್ತೇನೇ?" ಎಂದು ಬಾಯಿ ಅಗಲಿಸಿ ಕೇಳಿದ.

ಮಗ್ಗದಮ್ಮ ಬೆರಳು ತುಟಿಗಿಟ್ಟುಕೊಂಡಳು.

"ಶ್! ಮೆಲ್ಲಗೆ! ಮಗಳು ಮಲಗಿದಾಳೆ!" ಎಂದು ತನ್ನ ಲೆಕ್ಕದಲ್ಲಿ ಪಿಸುಗುಟ್ಟಿದಳು. ಅದು ಮೇಲ್ಮನೆಯಾಕೆಗೂ ಸ್ಪಷ್ಟವಾಗಿ ಕೇಳಿಸಿತು. ಸೊಸೆಗೆ ಮಾತ್ರ ಎಚ್ಚರವಾಗಲಿಲ್ಲ.